ಮೂರನೆಯ ಸವಾರ

1948ರ ಜೂನ್ ಮೊದಲ ವಾರ. ಇಟಲಿಯ ಡೊಲೊಮೈಟ್ ಪರ್ವತಗಳ ಪೋರ್ದೊಯ್ ಘಾಟಿಯ ತಿರುವು ತಿರುವಿನಲ್ಲೂ ಜನ ಕಿಕ್ಕಿರಿದು ನಿಂತಿದ್ದರು. ಕೊರ್ತಿನಾದಿಂದ ತ್ರೆಂತೊ ಊರಿಗೆ ಹೊರಟ ಜಿರೊ ದ'ಇಟಾಲಿಯಾ ಎಂಬ ಹಲವು ಹಂತಗಳ ಸೈಕಲ್ ಸ್ಪರ್ಧೆಯ ಸವಾರರು ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಮೇಲೆ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಫೌಸ್ಟೊ ಕೊಪ್ಪಿ. ಅವನ ಹಿಂದೆ ಬಹಳ ದೂರದಲ್ಲಿ, ಇಪ್ಪತ್ತೇಳು ವರ್ಷಕ್ಕೇ ತಲೆಗೂದಲು ಉದುರಿದ್ದ ಒಬ್ಬ ಗಟ್ಟಿಮುಟ್ಟಾದ ಸವಾರ. ಏರುದಾರಿ ಅವನ ಮೈಕಟ್ಟಿಗೆ ಒಗ್ಗುವಂಥದ್ದಲ್ಲ. ಆದರೆ ಅವನು ಹತ್ತಿರ ಬಂದಾಗಲೆಲ್ಲ ರಸ್ತೆಬದಿಯಿಂದ ಕೈಗಳು ಮುಂದೆ ಬಂದವು. ಒಬ್ಬ ಬೆನ್ನಿಗೆ ಕೈಕೊಟ್ಟು ಹತ್ತು ಮಾರು ತಳ್ಳಿದ, ಅವನು ಬಿಟ್ಟಲ್ಲಿ ಇನ್ನೊಬ್ಬ ಹಿಡಿದ. ಹಾಗೆ ಕೈಯಿಂದ ಕೈಗೆ ದಾಟುತ್ತ ಅವನು ಶಿಖರ ಮುಟ್ಟಿದ.

ಆ ಸವಾರ ಫಿಯೊರೆಂಜೊ ಮಾನ್ಯಿ. ತಳ್ಳಲೆಂದೇ ಜನರನ್ನು ಬಸ್ಸುಗಳಲ್ಲಿ ತಂದು ನಿಲ್ಲಿಸಲಾಗಿತ್ತು ಎಂಬುದು ಎದುರಾಳಿಗಳ ದೂರು. ಬೆಟ್ಟದ ದಾರಿಯಲ್ಲಿ ಅಭಿಮಾನಿಗಳು ತಮ್ಮ ಸವಾರನನ್ನು ತಳ್ಳುವುದು ಆ ಕಾಲಕ್ಕೆ ಹೊಸತೇನೂ ಆಗಿರಲಿಲ್ಲ, ಅನೇಕರು ಅದರ ಲಾಭ ಪಡೆದವರೇ. ಆದರೂ ಇಷ್ಟು ಅಚ್ಚುಕಟ್ಟಾಗಿ ನಡೆದದ್ದನ್ನು ತೀರ್ಪುಗಾರರು ಕಾಣದಂತೆ ಇರಲಾಗಲಿಲ್ಲ. ಮಾನ್ಯಿಗೆ ಎರಡು ನಿಮಿಷಗಳ ದಂಡ ಬಿತ್ತು. ಅಷ್ಟು ಸಾಲದೆಂದು ಕೊಪ್ಪಿ ತನ್ನ ಬಿಯಾಂಕಿ ತಂಡದೊಂದಿಗೆ ಸ್ಪರ್ಧೆಯನ್ನೇ ಬಿಟ್ಟು ಹೊರಟ. ಜೂನ್ 6ರಂದು ಮಿಲಾನಿನ ವಿಗೊರೆಲ್ಲಿ ಅಂಗಳದಲ್ಲಿ ಮಾನ್ಯಿ ಮೊದಲಿಗನ ಗುಲಾಬಿ ಜೆರ್ಸಿ ತೊಟ್ಟು ಗೆದ್ದಾಗ ಅವನನ್ನು ಎದುರುಗೊಂಡದ್ದು ಜನರ ಸಿಳ್ಳೆ ಮತ್ತು ಧಿಕ್ಕಾರ. ಎರಡನೆಯವನಾದ ಎಜಿಯೊ ಚೆಕ್ಕಿಗೂ ಅವನಿಗೂ ಇದ್ದ ಅಂತರ ಬರೀ 11 ಸೆಕೆಂಡು. ಜಿರೊ ಇತಿಹಾಸದಲ್ಲಿ ಇಷ್ಟು ಕಿರಿದಾದ ಅಂತರದ ಗೆಲುವು ಮತ್ತೊಂದಿಲ್ಲ.

ಆದರೆ ಆ ಸಿಳ್ಳೆಗಳೆಲ್ಲ ಪೋರ್ದೊಯ್ ಘಾಟಿಯಿಂದಲೇ ಬಂದವಲ್ಲ. ಅವುಗಳಲ್ಲಿ ಕೆಲವಕ್ಕೆ ನಾಲ್ಕು ವರ್ಷ ಹಳೆಯ ಕಾರಣವಿತ್ತು.

ಮಾನ್ಯಿ ಹುಟ್ಟಿದ್ದು 1920ರ ಡಿಸೆಂಬರ್ 7ರಂದು, ಟಸ್ಕನಿಯ ಪ್ರಾತೊ ಪಟ್ಟಣಕ್ಕೆ ಸಮೀಪದ ವಯಾನೊದಲ್ಲಿ. ಬಟ್ಟೆ ಗಿರಣಿಗಳ ಸೀಮೆ ಅದು. ಊರಿನ ಬೆನ್ನಿಗೇ ಕಾಲ್ವಾನಾ ಬೆಟ್ಟಸಾಲು. ಆ ಬೆಟ್ಟಗಳ ಮೇಲಿನ ಪುಟ್ಟ ಹಳ್ಳಿ ವಾಲಿಬೋನಾದಲ್ಲಿ 1944ರ ಜನವರಿ 3ರ ಬೆಳಗಿನ ಜಾವ ಗುಂಡಿನ ಸದ್ದು ಕೇಳಿತು. ಜರ್ಮನ್ ಸೇನೆಗೂ ಮುಸೊಲಿನಿಯ ಉಳಿದ ಆಳ್ವಿಕೆಗೂ ಎದುರು ನಿಂತು ಕಾಡು ಸೇರಿದ್ದ ಪಾರ್ತಿಜಾನ್ ಹೋರಾಟಗಾರರ ತಂಡವೊಂದು ಅಲ್ಲಿ ರಾತ್ರಿ ತಂಗಿತ್ತು. ಫ್ಯಾಸಿಸ್ಟ್ ಪಡೆಗಳು ಸುತ್ತುವರಿದು ದಾಳಿ ಮಾಡಿದವು. ತಂಡದ ನಾಯಕ ಲಾಂಚಿಯೊತ್ತೊ ಬಲ್ಲೆರಿನಿ ಮತ್ತು ಅವನ ಕೆಲವು ಸಂಗಾತಿಗಳು ಸತ್ತರು. ಬಲ್ಲೆರಿನಿಗೆ ಮರಣಾನಂತರ ಇಟಲಿಯ ಶೌರ್ಯ ಸ್ವರ್ಣಪದಕ ಸಂದಿತು. ಆ ದಾಳಿಯಲ್ಲಿ ಭಾಗಿ ಎಂದು ಆರೋಪ ಹೊತ್ತವರ ಪಟ್ಟಿಯಲ್ಲಿ ಸೈಕಲ್ ಸವಾರ ಮಾನ್ಯಿಯ ಹೆಸರೂ ಇತ್ತು.

ಯುದ್ಧ ಮುಗಿದ ಮೇಲೆ ಫ್ಲಾರೆನ್ಸಿನಲ್ಲಿ ವಿಚಾರಣೆ ನಡೆಯಿತು. ಅವನ ಪರವಾಗಿ ಮಾತಾಡಲು ಮುಂದೆ ಬಂದವನು ಆಲ್ಫ್ರೆದೊ ಮಾರ್ತಿನಿ. ಅವನೂ ಟಸ್ಕನಿಯ ಸವಾರನೇ, ಆದರೆ ಎದುರು ಪಾಳೆಯದವನು. ಕಮ್ಯುನಿಸ್ಟ್, ಪಾರ್ತಿಜಾನರ ಜೊತೆಗಿದ್ದವನು. ಮಾನ್ಯಿಗೆ ಶಿಕ್ಷೆಯಾಗಲಿಲ್ಲ. 1946ರ ಜೂನಿನಲ್ಲಿ ಹೊರಬಿದ್ದಿದ್ದ ಕ್ಷಮಾದಾನ ಕಾನೂನಿಗೂ ಅದರಲ್ಲಿ ಪಾಲಿತ್ತು. ಆ ಕಾನೂನನ್ನು ರೂಪಿಸಿದ ನ್ಯಾಯಮಂತ್ರಿ ಪಾಲ್ಮಿರೊ ತೊಲ್ಯಾತ್ತಿ ಕಮ್ಯುನಿಸ್ಟ್ ಪಕ್ಷದ ಮುಖಂಡನೇ ಆಗಿದ್ದ. ಒಂದೇ ಓಣಿಯಲ್ಲಿ ಕೊಂದವರೂ ಸತ್ತವರ ಮನೆಯವರೂ ಬಾಳಬೇಕಾಗಿದ್ದ ದೇಶ, ಹಳೆಯ ಲೆಕ್ಕಗಳನ್ನು ಬರೆದಿಟ್ಟ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿತು. ಮಾನ್ಯಿ ಟಸ್ಕನಿ ಬಿಟ್ಟು ಉತ್ತರದ ಮೊಂಜಾದಲ್ಲಿ ನೆಲೆಸಿದ, 1947ರ ಹೊತ್ತಿಗೆ ಮತ್ತೆ ಸ್ಪರ್ಧೆಗಿಳಿದ. ಆ ದಿನಗಳ ಬಗ್ಗೆ ಅವನು ಸಾರ್ವಜನಿಕವಾಗಿ ಮಾತಾಡಿದ್ದು ತೀರ ಅಪರೂಪ. ಅವನ ಸವಾರಿಯನ್ನು ಮೆಚ್ಚುವ ನನ್ನಂಥವರಿಗೆ ಇದು ಸಲೀಸಾಗಿ ದಾಟಿಹೋಗುವ ಪುಟವಲ್ಲ. ಮುಂದೆ ಅವನು ತೋರಿದ ಧೈರ್ಯ ಎಷ್ಟೇ ದೊಡ್ಡದಾಗಿರಲಿ, ವಾಲಿಬೋನಾದಲ್ಲಿ ಸತ್ತವರ ಮುಂದೆ ಅದನ್ನು ತೂಗಲು ನನಗೆ ಮನಸ್ಸು ಬರುವುದಿಲ್ಲ. ಎರಡನ್ನೂ ಅವವುಗಳ ಜಾಗದಲ್ಲಿಯೇ ಇಟ್ಟು ಅವನ ಕಥೆ ಹೇಳಬೇಕು.

ಯುದ್ಧಾನಂತರದ ಇಟಲಿ ಸೈಕಲ್ಲಿನ ವಿಷಯದಲ್ಲಿ ಎರಡಾಗಿ ಒಡೆದಿತ್ತು. ಒಂದು ಕಡೆ ಜಿನೊ ಬಾರ್ತಲಿ: ದೈವಭಕ್ತ, ಚರ್ಚಿನ ಮೆಚ್ಚಿನ ಮಗ, ಹಳ್ಳಿಗರ ಕಣ್ಮಣಿ. ಇನ್ನೊಂದು ಕಡೆ ಕೊಪ್ಪಿ: ತೆಳ್ಳನೆಯ, ಮೌನಿ, ಆಧುನಿಕ ಕಾಲದ ಪ್ರತಿನಿಧಿಯೆಂದು ಜನ ಒಪ್ಪಿಕೊಂಡವನು. 1948ರ ಏಪ್ರಿಲ್ ಚುನಾವಣೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರು ಎಡಪಕ್ಷಗಳನ್ನು ಸೋಲಿಸಿ ಇನ್ನೂ ಎರಡು ತಿಂಗಳಾಗಿರಲಿಲ್ಲ, ಜಿರೊ ಮುಗಿದ ಮರುತಿಂಗಳೇ ತೊಲ್ಯಾತ್ತಿಯ ಮೇಲೆ ಗುಂಡು ಹಾರಿತು. ದೇಶ ದಂಗೆಯ ಅಂಚಿನಲ್ಲಿದ್ದಾಗ ಬಾರ್ತಲಿ ಟೂರ್ ದ ಫ್ರಾನ್ಸ್ ಗೆದ್ದು ಜನರ ಮನಸ್ಸನ್ನು ಬೇರೆಡೆ ತಿರುಗಿಸಿದನೆಂಬ ಕಥೆಯನ್ನು ಇಟಲಿಯ ಜನ ಇಂದಿಗೂ ಹೇಳುತ್ತಾರೆ. ಇಂಥ ಕಾಲದಲ್ಲಿ ಮಾನ್ಯಿಯಂಥವನಿಗೆ ಜಾಗ ಎಲ್ಲಿ? ಪತ್ರಿಕೆಗಳು ಅವನನ್ನು ಮೂರನೆಯವನೆಂದೇ ಕರೆದವು. ಲೆಕ್ಕ ನೋಡಿದರೆ ಬಾರ್ತಲಿ ಗೆದ್ದದ್ದು ಮೂರು ಜಿರೊ, ಕೊನೆಗೆ ಮಾನ್ಯಿ ಗೆದ್ದದ್ದೂ ಮೂರೇ. ಆದರೂ ಆ ಬಿರುದು ಅವನನ್ನು ಬಿಡಲಿಲ್ಲ.

ಮನೆಯಲ್ಲಿ ಸಿಗದ ಮರ್ಯಾದೆ ಅವನಿಗೆ ದಕ್ಕಿದ್ದು ಬೆಲ್ಜಿಯಮ್ಮಿನಲ್ಲಿ. ಇದೇ ಅವನ ವೃತ್ತಿಜೀವನದ ಅತ್ಯಂತ ಸುಂದರ ಅಧ್ಯಾಯವೆಂದು ನನ್ನ ಎಣಿಕೆ.

ಟೂರ್ ಆಫ್ ಫ್ಲಾಂಡರ್ಸ್ ಒಂದೇ ದಿನದ ಸ್ಪರ್ಧೆ, 250 ಕಿಲೋಮೀಟರಿಗೂ ಮಿಕ್ಕಿದ ದೂರ. ಆಗ ಅದು ಘೆಂಟ್‌ನಲ್ಲಿ ಶುರುವಾಗಿ ವೆಟ್ಟೆರೆನ್‌ನಲ್ಲಿ ಮುಗಿಯುತ್ತಿತ್ತು. ದಾರಿಯಲ್ಲಿ ದಿಂಡುಗಲ್ಲು ಹಾಸಿದ ಇಕ್ಕಟ್ಟಿನ ರಸ್ತೆಗಳು, ಚಿಕ್ಕದಾದರೂ ನೆಟ್ಟಗೆ ನಿಂತ ದಿಬ್ಬಗಳು, ಏಪ್ರಿಲಿನಲ್ಲೂ ಬಿಡದ ಚಳಿ ಮಳೆ, ಬಯಲಿನ ಅಡ್ಡಗಾಳಿ. ಬೆಲ್ಜಿಯಮ್ಮಿನವರು ಅದನ್ನು ತಮ್ಮ ಮನೆಹಬ್ಬವೆಂದೇ ಆಚರಿಸುತ್ತಿದ್ದರು. ಅಲ್ಲಿಯವರೆಗೆ ಹೊರಗಿನವನೊಬ್ಬ ಗೆದ್ದದ್ದು ಒಂದೇ ಸಲ, 1923ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ಸೂಟರ್. ಇಟಲಿಯ ದೊಡ್ಡ ಸವಾರರು ಅತ್ತ ತಲೆ ಹಾಕುತ್ತಿರಲಿಲ್ಲ. 1948ರಲ್ಲಿ ದೊಡ್ಡ ಸ್ಪರ್ಧೆಗಳನ್ನೆಲ್ಲ ಪೋಣಿಸಿ ವರ್ಷವಿಡೀ ಅಂಕ ಎಣಿಸುವ ದೆಗ್ರಾಂಜ್-ಕೊಲೊಂಬೊ ಪಂದ್ಯಾವಳಿ ಹುಟ್ಟಿತು. ಆಮೇಲೆ ಪರದೇಶದ ಸ್ಪರ್ಧೆಗೆ ಹೋಗುವುದಕ್ಕೊಂದು ಅರ್ಥ ಬಂತು.

ಮಾನ್ಯಿ 1949ರಲ್ಲಿ ರೈಲು ಹತ್ತಿ ಹೋದ. ಜೊತೆಗೆ ದೊಡ್ಡ ತಂಡವಿರಲಿಲ್ಲ. ಆದರೆ ಅಲ್ಲಿನ ರಸ್ತೆಗೆ ಬೇಕಾದ ತಯಾರಿ ಮಾಡಿಕೊಂಡೇ ಹೋಗಿದ್ದ. ಕಲ್ಲಿನ ಮೇಲಿನ ಕುಲುಕಾಟವನ್ನು ಹೀರಿಕೊಳ್ಳುವ ಮರದ ರಿಮ್ಮುಗಳು, ದಪ್ಪ ಟೈರುಗಳು, ಹ್ಯಾಂಡಲಿಗೆ ಸುತ್ತಿದ ಪಟ್ಟಿಯ ಒಳಗೆ ಮೆತ್ತನೆಯ ಸ್ಪಂಜು. ಇಂದು ಇದೇ ಕೆಲಸಕ್ಕೆ ಕಂಪನಿಗಳು ಪ್ರಯೋಗಾಲಯ ಕಟ್ಟಿಕೊಂಡಿವೆ. ಅವನಿಗೆ ಅದು ತನ್ನ ಅಂಗೈ ನೋವಿನಿಂದ ತಾನೇ ಕಂಡುಕೊಂಡ ಉಪಾಯ. ಆ ವರ್ಷ ಕೊನೆಯ ಓಟದಲ್ಲಿ ಅವನು ವಲೇರ್ ಒಲಿವಿಯೆ ಮತ್ತು ಬ್ರಿಕ್ ಸ್ಖೊಟೆ ಎಂಬ ಇಬ್ಬರು ಬೆಲ್ಜಿಯನ್ನರನ್ನು ಹಿಂದಿಕ್ಕಿದ. ಫ್ಲಾಂಡರ್ಸ್ ಗೆದ್ದ ಮೊದಲ ಇಟಾಲಿಯನ್ ಅವನೇ.

ಅದೃಷ್ಟದ ಗೆಲುವು ಎಂದುಕೊಂಡವರಿಗೆ 1950ರಲ್ಲಿ ಉತ್ತರ ಸಿಕ್ಕಿತು. ಆ ವರ್ಷದ ಹವಾಮಾನ ಭೀಕರವಾಗಿತ್ತು, ಹಿಮ ಬೆರೆತ ಮಳೆ, ಮೈ ಕೊರೆಯುವ ಗಾಳಿ. ಗೆರಾರ್ಡ್ಸ್‌ಬರ್ಗನ್ ಊರಿನ ಕಡಿದಾದ ಕಲ್ಲುದಾರಿಯನ್ನು ಸ್ಪರ್ಧೆಗೆ ಸೇರಿಸಿದ್ದೂ ಅದೇ ಸಲ. ಗುರಿಗೆ ಇನ್ನೂ ಸುಮಾರು 70 ಕಿಲೋಮೀಟರ್ ಇರುವಾಗಲೇ ಮಾನ್ಯಿ ಒಬ್ಬನೇ ಹೊರಟುಬಿಟ್ಟ. ಸೈಕಲ್ ಸ್ಪರ್ಧೆಯಲ್ಲಿ ಒಂಟಿಯಾಗಿ ಹೋಗುವುದೆಂದರೇನು ಎಂಬುದನ್ನು ತಿಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಗುಂಪಿನಲ್ಲಿರುವವನಿಗೆ ಮುಂದಿನವನ ಬೆನ್ನು ಗಾಳಿಯನ್ನು ತಡೆಯುತ್ತದೆ, ಸರದಿಯಂತೆ ದುಡಿದರೆ ಸಾಕು. ಒಂಟಿ ಸವಾರ ಪೂರ್ತಿ ಗಾಳಿಯನ್ನು ತನ್ನ ಎದೆಯಿಂದಲೇ ಸೀಳಬೇಕು. ಎರಡು ಗಂಟೆ ಹಾಗೆ ಸೀಳಿ ಅವನು ಸ್ಖೊಟೆಗಿಂತ ಎರಡು ನಿಮಿಷಕ್ಕೂ ಮೊದಲೇ ವೆಟ್ಟೆರೆನ್ ಮುಟ್ಟಿದ. 1951ರಲ್ಲಿ ಮತ್ತೆ ಅದೇ ಬಗೆ, ಇನ್ನೂ ದೂರದಿಂದ. ಈ ಸಲ ಎರಡನೆಯವನಾದ ಫ್ರಾನ್ಸಿನ ಬೆರ್ನಾರ್ ಗೋತಿಯೆ ಬಂದದ್ದು ಐದೂವರೆ ನಿಮಿಷದ ನಂತರ. ದಾರಿಯ ಊರೂರಿನಲ್ಲಿ ಮೊದಲು ದಾಟಿದವನಿಗೆಂದು ಇಟ್ಟಿದ್ದ ಬಹುಮಾನಗಳನ್ನೂ ಅವನು ಬಾಚಿಕೊಂಡಿದ್ದ. ಬೆಲ್ಜಿಯಮ್ಮಿನ ಜನ ಅವನ ಹಳೆಯದನ್ನು ಕೇಳಲಿಲ್ಲ, ತಮ್ಮ ಗಾಳಿ ಮಳೆಯಲ್ಲಿ ತಮ್ಮವರನ್ನೇ ಸೋಲಿಸಿದವನನ್ನು ಫ್ಲಾಂಡರ್ಸಿನ ಸಿಂಹ ಎಂದು ಕರೆದರು. ಸತತ ಮೂರು ವರ್ಷ ಆ ಸ್ಪರ್ಧೆ ಗೆದ್ದ ಮತ್ತೊಬ್ಬ ಇನ್ನೂ ಬಂದಿಲ್ಲ.

ನಡುವೆ 1950ರ ಟೂರ್ ದ ಫ್ರಾನ್ಸ್. ಜುಲೈ 25ರಂದು ಪಿರೆನೀಸ್ ಪರ್ವತದ ಆಸ್ಪಿನ್ ಘಾಟಿಯಲ್ಲಿ ಫ್ರೆಂಚ್ ಜನಸಂದಣಿ ಬಾರ್ತಲಿಯ ಮೇಲೆ ಮುಗಿಬಿತ್ತು. ಅವನೂ ಫ್ರಾನ್ಸಿನ ಜಾನ್ ರೊಬಿಕ್ ಕೂಡ ಕೆಳಗುರುಳಿದರು. ತನ್ನನ್ನು ಹೊಡೆದರು, ಒಬ್ಬನ ಕೈಯಲ್ಲಿ ಚಾಕುವಿತ್ತು ಎಂದು ಬಾರ್ತಲಿ ಹೇಳಿದ. ಸಿಟ್ಟಿನಲ್ಲೇ ಮತ್ತೆ ಸೈಕಲ್ ಏರಿ ಆ ದಿನದ ಹಂತವನ್ನು ಸೇಂಟ್ ಗೋದೆನ್ಸ್‌ನಲ್ಲಿ ಗೆದ್ದ. ಅದೇ ಸಂಜೆ ಒಟ್ಟು ಸಮಯದ ಲೆಕ್ಕದಲ್ಲಿ ಮೊದಲಿಗನಾಗಿ ಹಳದಿ ಜೆರ್ಸಿ ತೊಟ್ಟವನು ಮಾನ್ಯಿ. ರಾತ್ರಿ ಹೋಟೆಲಿನಲ್ಲಿ ಬಾರ್ತಲಿ ತಾನು ಮುಂದುವರಿಯುವುದಿಲ್ಲವೆಂದು ಪಟ್ಟು ಹಿಡಿದ. ಸಂಘಟಕರ ಮನವೊಲಿಕೆ ಫಲಿಸಲಿಲ್ಲ, ಇಟಲಿಯ ಎರಡೂ ತಂಡಗಳು ಮನೆಗೆ ಹೊರಟವು. ಟೂರ್ ಗೆಲ್ಲಲು ಮಾನ್ಯಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಅವನು ಜಗಳವಾಡದೆ ಜೆರ್ಸಿ ಕಳಚಿಟ್ಟ. ಎರಡನೆಯ ಸ್ಥಾನದಲ್ಲಿದ್ದ ಸ್ವಿಟ್ಜರ್ಲೆಂಡಿನ ಫರ್ಡಿ ಕ್ಯೂಬ್ಲರ್ ಮರುದಿನ ಆ ಹಳದಿ ಜೆರ್ಸಿ ತೊಡಲು ಒಪ್ಪಲಿಲ್ಲ. ಕೊನೆಗೆ ಆ ಟೂರ್ ಗೆದ್ದವನೂ ಕ್ಯೂಬ್ಲರನೇ. ಬೇರೆ ಬೇರೆ ವರ್ಷಗಳಲ್ಲಿ ಮಾನ್ಯಿ ಟೂರ್‌ನ ಏಳು ಹಂತಗಳನ್ನು ಗೆದ್ದ, ಒಟ್ಟು ಸ್ಪರ್ಧೆಯನ್ನು ಮಾತ್ರ ಎಂದೂ ಗೆಲ್ಲಲಿಲ್ಲ.

1951 ಅವನ ಪಾಲಿಗೆ ತುಂಬು ವರ್ಷ. ಮೂರನೆಯ ಫ್ಲಾಂಡರ್ಸ್, ಎರಡನೆಯ ಜಿರೊ, ಇಟಲಿಯ ರಾಷ್ಟ್ರೀಯ ಪಟ್ಟ. ವಾರೆಸೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ ಕ್ಯೂಬ್ಲರನ ಹಿಂದೆ ಎರಡನೆಯವನಾದ. ಈ ಸಲದ ಜಿರೊ ಗೆಲುವನ್ನು ಯಾರೂ ಪ್ರಶ್ನಿಸಲಿಲ್ಲ.

ರಸ್ತೆಯ ಆಚೆಗೂ ಅವನೊಂದು ದೊಡ್ಡ ಕೆಲಸ ಮಾಡಿದ. ಅದನ್ನು ಬಹಳ ಜನ ಮರೆತಿದ್ದಾರೆ. ಅಲ್ಲಿಯವರೆಗೆ ಸವಾರರ ತಂಡಗಳನ್ನು ಸಾಕುತ್ತಿದ್ದುದು ಸೈಕಲ್ ಮತ್ತು ಟೈರ್ ಕಂಪನಿಗಳು. ಐವತ್ತರ ದಶಕಕ್ಕೆ ಬರುವಾಗ ಇಟಲಿಯ ಬೀದಿಗಳಲ್ಲಿ ವೆಸ್ಪಾ, ಲ್ಯಾಂಬ್ರೆಟ್ಟಾ ಸ್ಕೂಟರುಗಳ ಗದ್ದಲ ಶುರುವಾಗಿತ್ತು. ಕೆಲಸಕ್ಕೆ ಹೋಗುವ ಮನುಷ್ಯ ಸೈಕಲ್ಲನ್ನು ಮೂಲೆಗೆ ಒರಗಿಸಿದ, ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾಯಿತು. ಮಾನ್ಯಿ ಸವಾರಿ ಮಾಡುತ್ತಿದ್ದ ಗನ್ನಾ ತಂಡಕ್ಕೂ ಹಣದ ಮುಗ್ಗಟ್ಟು. ಆಗ ಅವನು ಸೈಕಲ್ಲಿಗೆ ಯಾವ ಸಂಬಂಧವೂ ಇಲ್ಲದ ಒಂದು ಕಂಪನಿಯ ಬಾಗಿಲು ತಟ್ಟಿದ. ಮುಖಕ್ಕೆ ಹಚ್ಚುವ ಕ್ರೀಮ್ ಮಾರುವ ನಿವಿಯಾ. 1954ರಲ್ಲಿ ನಿವಿಯಾ-ಫುಕ್ಸ್ ತಂಡ ರಸ್ತೆಗಿಳಿಯಿತು. ಕ್ರೀಡೆಯನ್ನು ಅಂಗಡಿ ಮಾಡಿದರೆಂದು ಗೊಣಗಿದವರು ಕಡಿಮೆಯೇನಲ್ಲ, ಟೂರ್ ಸಂಘಟಕರಂತೂ ಬಹುಕಾಲ ಇಂಥ ಹೆಸರುಗಳನ್ನು ದೂರವೇ ಇಟ್ಟರು. ಆದರೆ ಕೆಲವೇ ವರ್ಷಗಳಲ್ಲಿ ಕಾಫಿ ಯಂತ್ರದ ಫೇಮಾ, ಫ್ರಿಜ್ಜಿನ ಇಗ್ನಿಸ್, ಮಾಂಸೋದ್ಯಮದ ಮೊಲ್ತೇನಿ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. ಎಡ್ಡಿ ಮೆರ್ಕ್ಸ್‌ನಂಥ ಸವಾರ ಮುಂದೆ ತೊಟ್ಟದ್ದು ಅದೇ ಫೇಮಾದ, ಮೊಲ್ತೇನಿಯ ಜೆರ್ಸಿಗಳನ್ನು. ಅನೇಕ ಸವಾರರ ಮನೆಯ ಒಲೆ ಆರದಂತೆ ಉಳಿದದ್ದರಲ್ಲಿ ಮಾನ್ಯಿಯ ಪಾಲಿದೆ.

1955ರ ಜಿರೊ. ಮಾನ್ಯಿಗೆ 34 ವರ್ಷ, ಕೊಪ್ಪಿಗೆ 35. ಗುಲಾಬಿ ಜೆರ್ಸಿ ಇದ್ದದ್ದು 25 ವರ್ಷದ ಗಸ್ತೋನೆ ನೆಂಚಿನಿಯ ಮೈಮೇಲೆ. ಉಳಿದದ್ದು ಎರಡೇ ದಿನ. ತ್ರೆಂತೊದಿಂದ ಸಾನ್ ಪೆಲ್ಲೆಗ್ರಿನೊಗೆ ಹೋಗುವ ಹಂತದಲ್ಲಿ ದೊಡ್ಡ ಬೆಟ್ಟಗಳಿಲ್ಲ, ಎಲ್ಲ ತೀರ್ಮಾನವಾಗಿಹೋಯಿತು ಎಂದೇ ಬಹಳ ಜನ ಭಾವಿಸಿದ್ದರು. ಮಾನ್ಯಿ ಮಾತ್ರ ದಾರಿಯಲ್ಲಿ ಡಾಂಬರಿಲ್ಲದ ಜಲ್ಲಿರಸ್ತೆಯ ತುಂಡೊಂದಿದೆ ಎಂದು ತಿಳಿದುಕೊಂಡಿದ್ದ, ಅದಕ್ಕೆ ತಕ್ಕ ಗಟ್ಟಿ ಟೈರುಗಳನ್ನು ಹಾಕಿಸಿದ್ದ. ಆ ಜಲ್ಲಿಯ ಮೇಲೆ ವೇಗ ಏರಿತು, ನೆಂಚಿನಿಯ ಟೈರು ಪಂಕ್ಚರಾಯಿತು. ಮಾನ್ಯಿಯೂ ಕೊಪ್ಪಿಯೂ ಕಣ್ಣಲ್ಲೇ ಮಾತಾಡಿಕೊಂಡವರಂತೆ ಹೊರಟರು. ಗುರಿ ಇನ್ನೂ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಯೌವನ ದಾಟಿದ ಇಬ್ಬರು ಹಳೆಯ ಎದುರಾಳಿಗಳು ಸರದಿಯ ಮೇಲೆ ಗಾಳಿಗೆ ಮುಖ ಕೊಡುತ್ತ ತಾಸುಗಟ್ಟಲೆ ಹೋದರು. ಹಿಂದೆ ನೆಂಚಿನಿ ಬೆನ್ನಟ್ಟಿ ಬೆನ್ನಟ್ಟಿ ಸೋತ, ಐದು ನಿಮಿಷಕ್ಕೂ ಹೆಚ್ಚು ಕಳೆದುಕೊಂಡ. ಹಂತ ಕೊಪ್ಪಿಗೆ, ಗುಲಾಬಿ ಜೆರ್ಸಿ ಮಾನ್ಯಿಗೆ. ಮಿಲಾನಿನಲ್ಲಿ ಇಬ್ಬರ ನಡುವೆ ಉಳಿದದ್ದು 13 ಸೆಕೆಂಡು. ಅಷ್ಟು ವಯಸ್ಸಿನಲ್ಲಿ ಜಿರೊ ಗೆದ್ದವರು ಇಂದಿಗೂ ಬೇರೊಬ್ಬರಿಲ್ಲ. ಏಳು ವರ್ಷದ ಹಿಂದೆ ಪ್ರತಿಭಟಿಸಿ ಹೊರನಡೆದಿದ್ದ ಕೊಪ್ಪಿಯನ್ನು ಈ ಸಲ ಅವನು ಮುಖಾಮುಖಿಯಾಗಿಯೇ ಸೋಲಿಸಿದ್ದ.

ಇದಾದ ಮರುವರ್ಷದ ಚಿತ್ರವನ್ನೇ ಜಗತ್ತು ನೆನಪಿಟ್ಟುಕೊಂಡಿದೆ. 1956ರ ಸಾಲು ಮುಗಿದರೆ ನಿವೃತ್ತಿ ಎಂದು ಮಾನ್ಯಿ ಮೊದಲೇ ಹೇಳಿದ್ದ, ಅಂದರೆ ಅದು ಅವನ ಕೊನೆಯ ಜಿರೊ. ಗ್ರೊಸೆತ್ತೊದಿಂದ ಲಿವೊರ್ನೊಗೆ ಹೋಗುವ ಹಂತದಲ್ಲಿ ಇಳಿಜಾರಿನಲ್ಲಿ ಬಿದ್ದು ಎಡಗಡೆಯ ಕೊರಳೆಲುಬು ಮುರಿಯಿತು. ವೈದ್ಯರು ಪ್ಲಾಸ್ಟರ್ ಹಾಕಿ ಮಲಗಿಸಲು ಹೊರಟರು. ಅವನು ಒಪ್ಪಲಿಲ್ಲ. ಎಲಾಸ್ಟಿಕ್ ಪಟ್ಟಿ ಬಿಗಿದುಕೊಂಡು ಮರುದಿನ ಸಾಲಿನಲ್ಲಿ ನಿಂತ.

ಸಮತಟ್ಟಾದ ರಸ್ತೆಯಲ್ಲಿ ಹೇಗೋ ನಡೆದೀತು. ಬೊಲೋನ್ಯಾದಲ್ಲಿ ಸಾನ್ ಲೂಕಾ ಗುಡ್ಡದ ಚರ್ಚಿನವರೆಗೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಏರಬೇಕಾದ ಪುಟ್ಟ ಹಂತವಿತ್ತು. ಏರಿನಲ್ಲಿ ಸವಾರ ಪೆಡಲು ತುಳಿಯುವಾಗ ಹ್ಯಾಂಡಲನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಳ್ಳುತ್ತಾನೆ, ಇಲ್ಲದಿದ್ದರೆ ಕಾಲಿನ ಬಲ ವ್ಯರ್ಥ. ಮಾನ್ಯಿಯ ಎಡಗೈ ಎಳೆಯಲಾರದು. ಹಿಂದಿನ ಅಭ್ಯಾಸದಲ್ಲೇ ಅವನಿಗೆ ಅದು ಗೊತ್ತಾಯಿತು. ಮೆಕ್ಯಾನಿಕ್ ಫಲಿಯೆರೊ ಮಾಸಿ ಒಂದು ಒಳಟ್ಯೂಬನ್ನು ಕತ್ತರಿಸಿ ಹ್ಯಾಂಡಲಿಗೆ ಕಟ್ಟಿ ಇನ್ನೊಂದು ತುದಿಯನ್ನು ಅವನ ಹಲ್ಲಿಗೆ ಕೊಟ್ಟ. ಹೀಗೆ, ಕೈ ಮಾಡಬೇಕಾದ ಕೆಲಸವನ್ನು ದವಡೆಗೆ ವಹಿಸಿ ಅವನು ಸಾನ್ ಲೂಕಾ ಏರಿದ. ಆ ಫೋಟೋ ಇಂದಿಗೂ ಎಲ್ಲೆಡೆ ಕಾಣುತ್ತದೆ: ಬೋಳುತಲೆ, ಬಿಗಿದ ಕಣ್ಣು, ಬಾಯಿಂದ ಹ್ಯಾಂಡಲಿಗೆ ಬಿಗಿದು ನಿಂತ ರಬ್ಬರ್ ಪಟ್ಟಿ.

ಫೋಟೋ ಹೇಳದ ಸಂಗತಿ ಇನ್ನೂ ಕಠಿಣ. ಎಡಗೈಯಲ್ಲಿ ಬ್ರೇಕ್ ಹಿಡಿಯಲಾಗದೆ ಮುಂದೊಂದು ಹಂತದಲ್ಲಿ ಅವನು ಮತ್ತೆ ಬಿದ್ದ, ಅದೇ ಮಗ್ಗುಲಿಗೆ. ಈ ಸಲ ತೋಳಿನ ಮೂಳೆ ಮುರಿಯಿತು. ನೋವಿನಿಂದ ಪ್ರಜ್ಞೆ ತಪ್ಪಿತು. ಕಣ್ಣು ತೆರೆದಾಗ ತಾನು ಆಂಬುಲೆನ್ಸ್‌ನಲ್ಲಿ ಇರುವುದು ಕಂಡು ಕೂಗಾಡಿ ಗಾಡಿ ನಿಲ್ಲಿಸಿದ, ಇಳಿದು ಸೈಕಲ್ ಹತ್ತಿದ. ಮುಂದಿದ್ದ ದಂಡು ವೇಗ ತಗ್ಗಿಸಿ ಅವನಿಗಾಗಿ ಕಾಯಿತು. ಎಂಟು ವರ್ಷದ ಹಿಂದೆ ಸಿಳ್ಳೆಗಳ ನಡುವೆ ಗೆದ್ದವನ ಜೊತೆ ಸಹ ಸವಾರರು ಹೀಗೆ ನಡೆದುಕೊಂಡರು ಎಂಬುದು ನನ್ನನ್ನು ಆ ಫೋಟೋಗಿಂತ ಹೆಚ್ಚು ತಟ್ಟುತ್ತದೆ.

ಜೂನ್ 8, ಮೆರಾನೊದಿಂದ ಮೊಂತೆ ಬೊಂದೋನೆ, 240 ಕಿಲೋಮೀಟರಿಗೂ ಹೆಚ್ಚು. ಬೆಳಗಿನಿಂದ ಮಳೆ, ಬೆಟ್ಟ ಏರುತ್ತಿದ್ದಂತೆ ಹಿಮ. ಬೆರಳು ಸೆಟೆದು ಬ್ರೇಕ್ ಹಿಡಿಯಲಾಗದೆ ಸವಾರರು ದಾರಿಬದಿಯ ಮನೆಗಳಿಗೆ ನುಗ್ಗಿದರು. ಗುಲಾಬಿ ಜೆರ್ಸಿ ತೊಟ್ಟಿದ್ದ ಪಾಸ್ಕ್ವಾಲೆ ಫೋರ್ನಾರಾ ಕೂಡ ಸ್ಪರ್ಧೆ ಬಿಟ್ಟ. ಸುಮಾರು ಅರ್ಧದಷ್ಟು ಜನ ಆ ದಿನ ಗುರಿ ಮುಟ್ಟಲೇ ಇಲ್ಲ. ಬೆಳಿಗ್ಗೆ ಹದಿನಾರು ನಿಮಿಷ ಹಿಂದಿದ್ದ ಲಕ್ಸೆಂಬರ್ಗಿನ ಶಾರ್ಲಿ ಗಾಲ್ ಅರೆಪ್ರಜ್ಞೆಯಲ್ಲಿ ಎಲ್ಲರನ್ನೂ ದಾಟಿ ಗೆದ್ದ, ಅವನನ್ನು ಸೈಕಲ್ಲಿನಿಂದ ಎತ್ತಿ ಇಳಿಸಬೇಕಾಯಿತು. ಆ ಹಂತದಲ್ಲಿ ಮೂರನೆಯವನಾಗಿ ಹಿಮದೊಳಗಿಂದ ಬಂದವನು ಎರಡು ಕಡೆ ಮೂಳೆ ಮುರಿದಿದ್ದ ಮಾನ್ಯಿ. ಮಿಲಾನಿನಲ್ಲಿ ಜಿರೊ ಮುಗಿದಾಗ ಗಾಲ್ ಮೊದಲಿಗ, ಮಾನ್ಯಿ 3 ನಿಮಿಷ 27 ಸೆಕೆಂಡುಗಳ ಅಂತರದಲ್ಲಿ ಎರಡನೆಯವ.

ಅದೇ ಅಕ್ಟೋಬರಿನಲ್ಲಿ ಲೊಂಬಾರ್ದಿಯಾ ಸ್ಪರ್ಧೆ. 37 ವರ್ಷದ ಕೊಪ್ಪಿ ತನ್ನ ಕೊನೆಯ ದೊಡ್ಡ ಗೆಲುವಿನತ್ತ ಮುಂದೆ ಸಾಗುತ್ತಿದ್ದ. ಅವನ ಸಂಗಾತಿ ಜೂಲಿಯಾ ಒಕ್ಕಿನಿ ಕಾರಿನಲ್ಲಿ ಹಿಂದಿನ ಗುಂಪನ್ನು ದಾಟುವಾಗ ತನ್ನತ್ತ ಅವಹೇಳನದ ಸನ್ನೆ ಮಾಡಿದಳೆಂದು ಮಾನ್ಯಿ ಆಮೇಲೆ ಹೇಳಿಕೊಂಡ. ಸಿಟ್ಟು ನೆತ್ತಿಗೇರಿ ಹುಚ್ಚನಂತೆ ಬೆನ್ನಟ್ಟಿ ಮಿಲಾನ್ ಹತ್ತಿರ ಕೊಪ್ಪಿಯನ್ನು ಹಿಡಿದ. ಕೊನೆಯ ಓಟದಲ್ಲಿ ಫ್ರಾನ್ಸಿನ ಅಂದ್ರೆ ದಾರಿಗಾದ್ ಗೆದ್ದ, ಕೊಪ್ಪಿ ಎರಡನೆಯವ, ಮಾನ್ಯಿ ಮೂರನೆಯವ. ಕೊಪ್ಪಿ ಅತ್ತ. ನಿಷ್ಠೆ, ಹಟ, ಸಿಟ್ಟು ಎಲ್ಲವೂ ಮಾನ್ಯಿಯಲ್ಲಿ ಒಂದೇ ಬುಗ್ಗೆಯಿಂದ ಉಕ್ಕುತ್ತಿದ್ದವು ಎಂದು ಈ ಪ್ರಸಂಗ ಓದಿದಾಗಲೆಲ್ಲ ಅನ್ನಿಸುತ್ತದೆ.

ಆ ವರ್ಷದ ಕೊನೆಗೆ ಅವನು ಸ್ಪರ್ಧೆಯಿಂದ ನಿವೃತ್ತನಾದ. ಮೋಟಾರು ವಾಹನಗಳ ವ್ಯಾಪಾರ ಮಾಡಿದ, ಅರವತ್ತರ ದಶಕದಲ್ಲಿ ಕೆಲವು ವರ್ಷ ಇಟಲಿಯ ರಾಷ್ಟ್ರೀಯ ತಂಡವನ್ನು ನಡೆಸಿದ. ಫ್ಲಾರೆನ್ಸಿನಲ್ಲಿ ಅವನ ಪರವಾಗಿ ನಿಂತಿದ್ದ ಮಾರ್ತಿನಿ 1975ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅದೇ ಹುದ್ದೆಯಲ್ಲಿದ್ದ. ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಗುಡ್ಡದಲ್ಲಿ ಸೈಕಲ್ ಸವಾರರ ಕಾವಲು ದೇವಿಯೆಂದು 1949ರಲ್ಲಿ ಪೋಪ್ ಘೋಷಿಸಿದ ಮೇರಿಮಾತೆಯ ಪುಟ್ಟ ಗುಡಿಯಿದೆ. ಸವಾರರು ಹರಕೆಯಾಗಿ ಕೊಟ್ಟ ಸೈಕಲ್ಲುಗಳೂ ಜೆರ್ಸಿಗಳೂ ತುಂಬಿ ಅಲ್ಲಿ ಜಾಗ ಸಾಲದಾದಾಗ ಪಕ್ಕದಲ್ಲೇ ಒಂದು ವಸ್ತುಸಂಗ್ರಹಾಲಯ ಕಟ್ಟಿಸಲು ಮಾನ್ಯಿ ವರ್ಷಗಟ್ಟಲೆ ಓಡಾಡಿದ. 2006ರಲ್ಲಿ ಅದು ತೆರೆಯಿತು. 2012ರ ಅಕ್ಟೋಬರ್ 19ರಂದು, 91ನೆಯ ವಯಸ್ಸಿನಲ್ಲಿ ಅವನು ಮೊಂಜಾದಲ್ಲಿ ತೀರಿಕೊಂಡ. ಮಾರ್ತಿನಿ ಅದಾದ ಎರಡು ವರ್ಷ ಬದುಕಿದ್ದ. ಯುದ್ಧದಲ್ಲಿ ಎದುರುಬದುರು ನಿಂತಿದ್ದ ಆ ಇಬ್ಬರ ಗೆಳೆತನ ಕೊನೆಯವರೆಗೂ ಮುರಿಯಲಿಲ್ಲ.